ಲೆಕ್ಕದ ಮಾತು: ತೆರಿಗೆ ಗ್ಯಾಸಿಗೋ, ಸಕ್ಕರೆಗೋ?

ಪ್ರಶ್ನೆ: ಲಕ್ಷ್ಮೇಶ್ವರದಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಬೇಸಿಗೆಯಲ್ಲಿ ತಂಪು ಪಾನೀಯದ ವ್ಯಾಪಾರವೇ ನಮಗೆ ಆಸರೆ. ಸಿಹಿ ಪಾನೀಯಕ್ಕೆ ಇನ್ನೂ ತೆರಿಗೆ ಹಾಕಿದರೆ ಜನರ ಆರೋಗ್ಯ ಸುಧಾರಿಸುತ್ತೆ ಅಂತ ಟಿವಿಯಲ್ಲಿ ಚರ್ಚೆ ಮಾಡುತ್ತಾರೆ. ಕೋಲಾಕ್ಕೆ ಈಗಾಗಲೇ 40% ಜಿಎಸ್‌ಟಿ ಇದೆಯಲ್ಲ, ಇನ್ನೆಷ್ಟು ಹಾಕ್ತಾರೆ? ಕೂಲಿ ಮಾಡುವವನು ಒಂದು ಬಾಟಲಿ ಕುಡಿದರೆ ಅದರ ಮೇಲೂ ಕಣ್ಣೇ?

ಉತ್ತರ: ಸಾವ್ಕಾರ್ರೇ, ನಾನು ಡಾಕ್ಟರಲ್ಲ. ಹುಬ್ಬಳ್ಳಿಯಲ್ಲಿ ನಿಮ್ಮಂಥ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಹಾಗಾಗಿ ಬಿಲ್ಲಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಫ್ರಿಜ್‌ನಿಂದ ಒಂದು ಕೋಲಾ, ಒಂದು ಮಾವಿನ ಪಾನೀಯ ತೆಗೆಯಿರಿ. ಎರಡಕ್ಕೂ ₹20 ಅಂತಿಟ್ಟುಕೊಳ್ಳೋಣ. ಈ ₹20ರೊಳಗೇ ತೆರಿಗೆ ಸೇರಿದೆ ಅಂತ ಹಿಡಿದರೆ ಕೋಲಾದಲ್ಲಿ ಸರ್ಕಾರದ ಪಾಲು ಸುಮಾರು ₹5.70. ಮಾವಿನದಕ್ಕೆ ಮೊದಲು 12% ಇತ್ತು, 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಅಂದರೆ ಬರೀ 95 ಪೈಸೆ. ಈಗ ಬಾಟಲಿ ತಿರುಗಿಸಿ, ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ಮಾಮೂಲಿ ಕೋಲಾದಲ್ಲಿ 100 ಮಿ.ಲೀ.ಗೆ 10-11 ಗ್ರಾಂ ಸಕ್ಕರೆ ಇರುತ್ತದೆ. ಮಾವಿನ ಪಾನೀಯಗಳು ಎಷ್ಟೋ ಸಲ ಇದಕ್ಕೇನೂ ಕಡಿಮೆ ಇರುವುದಿಲ್ಲ. ಇನ್ನೊಂದು ತಮಾಷೆ ನೋಡಿ. ಸಕ್ಕರೆಯೇ ಇಲ್ಲದ ಡಯಟ್ ಕೋಲಾಕ್ಕೂ ಅದೇ 40%. 2017ರಲ್ಲಿ 28%, ಮೇಲೆ 12% ಸೆಸ್ ಅಂತಿತ್ತು. ಈಗ ಸೆಸ್ ಹೋಗಿ ಒಂದೇ ದರ ಆಗಿದೆ. ಮೊತ್ತ ಮಾತ್ರ ಬದಲಾಗಿಲ್ಲ.

ಹಾಗಾದರೆ ನಾವು ತೆರಿಗೆ ಕಟ್ಟುತ್ತಿರುವುದು ಕೋಲಾದೊಳಗಿನ ಗ್ಯಾಸಿಗೆ, ಸಕ್ಕರೆಗಲ್ಲ. ಇದಕ್ಕೆ ಆರೋಗ್ಯದ ಹೆಸರು ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ದರ ಏರಿಸುವುದು ಬೇಡ, ಅಳತೆ ಬದಲಾಯಿಸಲಿ. ಸಕ್ಕರೆಯ ಗ್ರಾಂ ನೋಡಿ ತೆರಿಗೆ ಹಾಕಲಿ.

ಬ್ರಿಟನ್‌ನಲ್ಲಿ ಹಾಗೇ ಮಾಡಿದರು. 2016ರಲ್ಲಿ ಹೇಳಿದರು, 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದರು. 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಏನೂ ಇಲ್ಲ. 5 ಗ್ರಾಂ ಮುಟ್ಟಿದರೆ ಆಗ ಲೀಟರಿಗೆ 18 ಪೆನ್ಸ್, 8 ಮುಟ್ಟಿದರೆ 24 ಪೆನ್ಸ್ ಇತ್ತು. ನಡುವೆ ಎರಡು ವರ್ಷ ಸಿಕ್ಕಿತಲ್ಲ, ಬಹಳಷ್ಟು ಕಂಪನಿಗಳು ಅಷ್ಟರಲ್ಲೇ ಸಕ್ಕರೆ ಇಳಿಸಿಬಿಟ್ಟವು. ಅಂಗಡಿಯವನ ವ್ಯಾಪಾರ ನಡೆಯಿತು, ಬಾಟಲಿಯೊಳಗಿನ ಸಕ್ಕರೆ ಇಳಿಯಿತು. ನಮ್ಮಲ್ಲಿ ಕಂಪನಿಯವರು ಯಾಕೆ ಇಳಿಸಬೇಕು ಹೇಳಿ? ಇಳಿಸಿದರೂ 40%, ಬಿಟ್ಟರೂ 40%.

ಇನ್ನು ಕೂಲಿಯವನ ಮಾತು. ಮೆಕ್ಸಿಕೋದಲ್ಲಿ 2014ರಿಂದ ಲೀಟರಿಗೆ 1 ಪೆಸೊ ಹಾಕಿದರು. ಖರೀದಿ ಮೊದಲ ವರ್ಷ 5.5%, ಎರಡನೇ ವರ್ಷ 9.7% ಇಳಿಯಿತು. ಜಾಸ್ತಿ ಕಡಿಮೆ ಮಾಡಿದವರು ಬಡವರೇ. ಕುಡಿಯದವನಿಗೆ ತೆರಿಗೆಯೂ ಇಲ್ಲ, ಸರಿ. ಆದರೆ ಅವನು ಬದಲಿಗೆ ಏನು ಕುಡಿಯಬೇಕು? ನಮ್ಮ ಕಡೆ ಎಷ್ಟೋ ಓಣಿಗಳಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತವನಿಗೆ ನೀರಿನ ಬಾಟಲಿಗೂ ದುಡ್ಡು, ಕೋಲಾಕ್ಕೂ ದುಡ್ಡು. ನಿಮ್ಮ ಸಿಟ್ಟಿನಲ್ಲಿ ಈ ಮಾತಷ್ಟು ನ್ಯಾಯವಾಗಿಯೇ ಇದೆ. ಬಂದ ದುಡ್ಡಲ್ಲಿ ಶಾಲೆಗೆ, ಬಸ್ ಸ್ಟ್ಯಾಂಡಿಗೆ ಕುಡಿಯುವ ನೀರು ಕೊಡುತ್ತೇವೆ ಅಂತ ಬರೆದುಕೊಟ್ಟರೆ ನಾನು ತೆರಿಗೆಯ ಪರ. ಸುಮ್ನೆ ಖಜಾನೆಗೆ ಹೋಗುವುದಾದರೆ ನಿಮ್ಮ ಪರ.

ಪ್ರಶ್ನೆ: ಕೋಲಾ ಒಂದೇ ಕೆಟ್ಟದ್ದಾ ಸರ್? ಕಬ್ಬಿನ ಹಾಲು, ಧಾರವಾಡ ಪೇಡ ಯಾಕೆ ಬಿಟ್ಟಿರಿ?
— ಪಿಯು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಒಳ್ಳೇ ಕೊಕ್ಕೆ ಹಾಕಿದೆಯಮ್ಮ! ಸಕ್ಕರೆಯ ಲೆಕ್ಕಕ್ಕೆ ಬಂದರೆ ಕಬ್ಬಿನ ಹಾಲೇನೂ ಸಾಧು ಅಲ್ಲ. ದಿನಕ್ಕೆ ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುವ ವಿಶ್ವ ಆರೋಗ್ಯ ಸಂಸ್ಥೆ ಹಣ್ಣಿನ ರಸದ ಸಕ್ಕರೆಯನ್ನೂ ಅದರಲ್ಲೇ ಸೇರಿಸುತ್ತದೆ. 250 ಮಿ.ಲೀ. ಕೋಲಾ ಒಂದರಲ್ಲೇ ಆ 25 ಮುಗಿಯಿತು.

ಆದರೆ ಗಾಣದವನ ಹತ್ತಿರ ಬಿಲ್ ಬುಕ್ಕೂ ಇಲ್ಲ, ಲೇಬಲ್ಲೂ ಇಲ್ಲ. ಅವನ ಗ್ಲಾಸಿನ ಗ್ರಾಂ ಅಳೆಯಲು ಅಧಿಕಾರಿಯನ್ನು ಇಟ್ಟರೆ ಬರುವ ತೆರಿಗೆ ಆ ಅಧಿಕಾರಿಯ ಪಗಾರಕ್ಕೂ ಸಾಲದು. ಪೇಡ ಎರಡು ತಿಂದರೆ ಬಾಯಿ ಕಟ್ಟುತ್ತೆ. ಧಾರವಾಡದ ಲೈನ್ ಬಜಾರದಲ್ಲಿ ನಿಂತಲ್ಲೇ ಅರ್ಧ ಕೆಜಿ ಮುಗಿಸುವವರು ನಿನಗೆ ಗೊತ್ತಿದ್ದರೆ ಬರಿ, ಆಗ ನೋಡೋಣ.