ಗೇರ್ ಬಾಕ್ಸ್ ಆಯಿಲ್: ಮೊದಲು ಮೇಲಿನ ಬೋಲ್ಟ್ ಬಿಚ್ಚಿ

ಪ್ರಶ್ನೆ: ಸಾರ್, ನಮ್ಮದು ಅಡಿಕೆ ತೋಟ. ಸೆಕೆಂಡ್ ಹ್ಯಾಂಡ್ ಪಿಕಪ್ ಇದೆ, ಮೀಟರ್ ಒಂದು ಲಕ್ಷ ಕಿ.ಮೀ. ದಾಟಿದೆ. ಬೆಳಿಗ್ಗೆ ಹೊತ್ತು ಫಸ್ಟಿಂದ ಸೆಕೆಂಡಿಗೆ ಹಾಕುವಾಗ ಗೇರ್ ಗಟ್ಟಿ, ಕೆಲವು ಸಲ ಕರ್ರ್ ಅನ್ನುತ್ತದೆ. ಮಳೆಗಾಲದಲ್ಲಿ ಮನೆಗೆ ಬರಲು ಹಳ್ಳ ದಾಟಲೇಬೇಕು. ಗೇರ್ ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದ್ದೋ ಹಳೇ ಮಾಲೀಕರಿಗೂ ನೆನಪಿಲ್ಲ. ಅಂಗಡಿಯವರು ಜಿಎಲ್-5 ದರ್ಜೆಯ ಆಯಿಲ್ ಹಾಕಿ, ಅದೇ ಒಳ್ಳೆಯದು ಅಂತಾರೆ. ಮನೆಯಲ್ಲೇ ಬದಲಾಯಿಸಬಹುದಾ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತ ಬದಲಾಯಿಸಬಹುದು. ಆದರೆ ಅಂಗಡಿಯವರ ಮಾತು ಕೇಳಿ ಡಬ್ಬ ತರಬೇಡಿ. ಜಿಎಲ್-5 ಅಂದರೆ ಜಿಎಲ್-4ಕ್ಕಿಂತ ಒಂದು ಮೆಟ್ಟಿಲು ಮೇಲು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಎರಡರ ಕೆಲಸವೇ ಬೇರೆ. ಹಿಂದಿನ ಹೌಸಿಂಗ್‌ನಲ್ಲಿ, ಅಂದರೆ ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ನಲ್ಲಿ, ಕ್ರೌನ್ ಮತ್ತು ಪಿನಿಯನ್ ಅನ್ನೋ ಎರಡು ಹಲ್ಲಿನ ಚಕ್ರಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುತ್ತವೆ. ಆ ಒತ್ತಡ ತಡೆಯಲು ಜಿಎಲ್-5ರಲ್ಲಿ ಗಂಧಕ, ರಂಜಕದ ಅಂಶ ಜಾಸ್ತಿ ಇರುತ್ತದೆ. ಗೇರ್ ಬಾಕ್ಸ್ ಒಳಗೆ ಸಾಮಾನ್ಯವಾಗಿ ಇರುವುದು ಹಿತ್ತಾಳೆಯ ಸಿಂಕ್ರೊ ರಿಂಗ್, ಅಂದರೆ ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಬಳೆ. ಬಿಸಿಯಲ್ಲಿ ಈ ಗಂಧಕ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನಬಹುದು.

ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಸವೆದ ರಿಂಗ್ ಒಂದನ್ನು ಇಟ್ಟುಕೊಂಡಿದ್ದೇನೆ, ಬಂದವರಿಗೆ ತೋರಿಸೋಕೆ. ಹೊಸ ರಿಂಗಿನ ಒಳಗೆ ಬೆರಳಾಡಿಸಿದರೆ ಸಣ್ಣ ಸಣ್ಣ ಗೆರೆ ಚುಚ್ಚುತ್ತವೆ. ಆ ಗೆರೆಗಳೇ ಆಯಿಲ್ ಪದರವನ್ನು ಕತ್ತರಿಸಿ ಗೇರಿನ ಶಂಕುವಿನಾಕಾರದ ಭಾಗವನ್ನು (ಕೋನ್) ಹಿಡಿದು, ಎರಡರ ವೇಗವನ್ನೂ ಒಂದು ಮಾಡುತ್ತವೆ. ಆಮೇಲೆಯೇ ಹಲ್ಲು ಸಲೀಸಾಗಿ ಕೂರೋದು. ಸವೆದ ರಿಂಗ್ ಒಳಗೆ ಪೂರ್ತಿ ನುಣುಪು. ಹಿಡಿತವೇ ಇಲ್ಲದಿದ್ದರೆ ಕರ್ರ್ ಅನ್ನದೆ ಇನ್ನೇನು ಮಾಡೀತು? ಆಯಿಲ್ ಅತಿಯಾಗಿ ಜಾರಿದರೂ ಇದೇ ಕಥೆ.

ಸಾಮಾನ್ಯವಾಗಿ ಇಂಥ ಗಾಡಿಗಳ ಬಾಕ್ಸಿಗೆ ಜಿಎಲ್-4 ದರ್ಜೆಯ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಬರುತ್ತದೆ. ಕೆಲವು ಮಾಡೆಲ್‌ಗೆ ಬೇರೆ ಹೇಳಿರುತ್ತಾರೆ. ನಿಮ್ಮ ಗಾಡಿಯ ಓನರ್ಸ್ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು. ಬರೀ "90 ನಂಬರ್ ಆಯಿಲ್ ಕೊಡಿ" ಅಂತ ಕೇಳಬೇಡಿ. ಅದು ದಪ್ಪ ಎಷ್ಟು ಅನ್ನೋದನ್ನಷ್ಟೇ ಹೇಳುತ್ತದೆ, ದರ್ಜೆ ಹೇಳುವುದಿಲ್ಲ.

ಈಗ ಕೆಲಸಕ್ಕೆ ಬನ್ನಿ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ತನ್ನಿ, ಆಯಿಲ್ ಬೆಚ್ಚಗಾದರೆ ತಳದ ಕೊಳೆಯ ಸಮೇತ ಇಳಿಯುತ್ತದೆ. ಕೈ ಸುಡದಷ್ಟು ಆರಲಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಪಿಕಪ್ ಎತ್ತರ ಇರೋದರಿಂದ ಜಾಕ್ ಇಲ್ಲದೆಯೇ ಒಳಗೆ ಹೋಗಬಹುದು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ, ಇದನ್ನು ಕೈ ಮುಗಿದು ಕೇಳುತ್ತೇನೆ.

ಬಾಕ್ಸಿನ ಪಕ್ಕದಲ್ಲಿ ಮೇಲಿರುವುದು ಫಿಲ್ಲರ್ ಪ್ಲಗ್, ತಳದಲ್ಲಿರುವುದು ಡ್ರೈನ್ ಪ್ಲಗ್. ಮೊದಲು ಮೇಲಿನದನ್ನೇ ಬಿಚ್ಚಿ. ವರ್ಷಗಟ್ಟಲೆ ಕೈ ಹಾಕದ ಬೋಲ್ಟು ಜಾಮ್ ಆಗಿರಬಹುದು. ಕೆಳಗಿನದು ಬಿಚ್ಚಿ ಆಯಿಲ್ ಪೂರ್ತಿ ಇಳಿಸಿದ ಮೇಲೆ ಮೇಲಿನದು ಬರದೇ ಹೋದರೆ, ಹೊಸ ಆಯಿಲ್ ಹಾಕೋದೆಲ್ಲಿಂದ? ಗಾಡಿ ನಿಂತಲ್ಲೇ ನಿಂತಿತು. ಜಾಮ್ ಆಗಿದ್ದರೆ ರಸ್ಟ್ ಸ್ಪ್ರೇ ಹೊಡೆದು ಕಾಯಿರಿ. ಅಳತೆಗೆ ಸರಿಯಾದ ಸ್ಪ್ಯಾನರ್ ಇಲ್ಲದೆ ಒತ್ತಬೇಡಿ, ತಲೆ ಉರುಟಾದರೆ ಮತ್ತೊಂದು ತಲೆನೋವು.

ಇಳಿದ ಹಳೇ ಆಯಿಲನ್ನು ಬೆಳಕಲ್ಲಿ ಹಿಡಿದು ನೋಡಿ. ನಿಮ್ಮ ವಿಷಯದಲ್ಲಿ ಇದೇ ಮುಖ್ಯ. ಕಪ್ಪಗಿದ್ದರೆ ಹಳೆಯದಾಗಿದೆ ಅಷ್ಟೇ. ಡ್ರೈನ್ ಪ್ಲಗ್ಗಿಗೆ ಅಯಸ್ಕಾಂತ ಇದ್ದು ಅದಕ್ಕೆ ನುಣ್ಣನೆಯ ಬೂದು ಪುಡಿ ಮೆತ್ತಿದ್ದರೆ ಹೆದರಬೇಡಿ, ಇಷ್ಟು ಓಡಿದ ಗಾಡಿಯಲ್ಲಿ ಅದು ಸಹಜ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಬಾಕ್ಸ್ ಇಳಿಸಿಯೇ ನೋಡಬೇಕು. ಹೊಂಬಣ್ಣದ ಮಿಣುಕು ಮಿಣುಕು ಕಂಡರೆ ಅದು ಹಿತ್ತಾಳೆ, ರಿಂಗ್ ಸವೆಯುತ್ತಿದೆ ಅಂತ ಲೆಕ್ಕ.

ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಸೇರಿದೆ. ನಿಮ್ಮ ಹಳ್ಳದ ಮಾತು ಓದಿದಾಗಲೇ ನನಗೆ ಈ ಅನುಮಾನ ಬಂತು. ಓಡಿ ಬಿಸಿಯಾದ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಆಗ ಮೇಲಿನ ಬ್ರೀದರ್‌ನಿಂದಲೋ (ಬಾಕ್ಸ್ ಗಾಳಿಯಾಡುವ ಸಣ್ಣ ತೂತು) ಸವೆದ ಸೀಲಿನಿಂದಲೋ ನೀರು ಒಳಗೆಳೆದುಕೊಳ್ಳುತ್ತದೆ. ಹಾಗಿದ್ದರೆ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಅದನ್ನೂ ಇಳಿಸಿ ಮತ್ತೆ ಹೊಸದು ತುಂಬಿ. ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಯಬೇಡಿ. ಬ್ರೀದರ್ ಸ್ವಚ್ಛ ಮಾಡಿಸಿ, ಅದಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿಸಿ. ಮಲೆನಾಡಿನ ಗಾಡಿಗೆ ಇದು ಸಣ್ಣ ಖರ್ಚು, ದೊಡ್ಡ ರಕ್ಷಣೆ. ಹೌಸಿಂಗ್ ಆಯಿಲನ್ನೂ ಅದೇ ದಿನ ನೋಡಿಬಿಡಿ, ನೀರು ಅದನ್ನೇನು ಬಿಟ್ಟಿರುವುದಿಲ್ಲ.

ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಬಾಕ್ಸ್ ಅಲ್ಯೂಮಿನಿಯಂ ಆಗಿದ್ದರೆ ಜೋರಾಗಿ ಬಿಗಿದಾಗ ಥ್ರೆಡ್ ಹೋಗುತ್ತದೆ. ಆಮೇಲೆ ಪಂಪಿನಲ್ಲೋ, ಉದ್ದ ಪೈಪ್ ಸಿಕ್ಕಿಸಿದ ಆಲಿಕೆಯಲ್ಲೋ ಮೇಲಿನ ತೂತಿನಿಂದ ತುಂಬಿ. ತೂತಿನ ಕೆಳ ಅಂಚಿನಿಂದ ಆಯಿಲ್ ತೊಟ್ಟಿಕ್ಕಲು ಶುರುವಾದರೆ ಸಾಮಾನ್ಯವಾಗಿ ಅಷ್ಟೇ ಅಳತೆ. ಒಂದೆರಡು ದಿನ ಓಡಿಸಿ ಕೆಳಗೆ ಬಗ್ಗಿ ನೋಡಿ, ಸೋರುತ್ತಿದೆಯಾ ಅಂತ.

ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯೋದು, ತೋಟದಂಚಿಗೆ ಸುರಿಯೋದು ಬೇಡ. ಅದು ನೀವು ಕುಡಿಯುವ ಬಾವಿಗೇ ಇಳಿಯುತ್ತದೆ. ಡಬ್ಬಕ್ಕೆ ತುಂಬಿ, ವೇಸ್ಟ್ ಆಯಿಲ್ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ನನ್ನ ಗಾಡಿಗೆ ಹೊಸ ಆಯಿಲ್ ಹಾಕಿಸಿದರೂ ರಿವರ್ಸ್ ಕರ್ರ್ ಅನ್ನುತ್ತದೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಬಾಕ್ಸ್ ಬಿಚ್ಚಿಸಲಾ?
— ಓದುಗರು, ಹಿರಿಯೂರು

ಉತ್ತರ: ಬೇಡ, ತಡೀರಿ. ಆಫ್ ಇದ್ದಾಗ ಸಲೀಸು, ಆನ್ ಇದ್ದಾಗ ಗಟ್ಟಿ ಅಂದರೆ ಮೊದಲು ಕ್ಲಚ್ ನೋಡಬೇಕು. ಪೆಡಲ್ ಒತ್ತಿದರೂ ಅದು ಎಂಜಿನ್ನನ್ನು ಬಾಕ್ಸಿನಿಂದ ಪೂರ್ತಿ ಬಿಡಿಸದೇ ಇರಬಹುದು. ಎಷ್ಟೋ ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊ ರಿಂಗೇ ಇರುವುದಿಲ್ಲ, ಅದಕ್ಕೇ ತೊಂದರೆ ಮೊದಲು ಅಲ್ಲಿ ಗೊತ್ತಾಗೋದು. ಗಾಡಿ ಪೂರ್ತಿ ನಿಲ್ಲಿಸಿ, ಪೆಡಲ್ ತಳಕ್ಕೆ ಒತ್ತಿ ಮೂರು ನಾಲ್ಕು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ಕೇಬಲ್ ಕ್ಲಚ್ಚಾದರೆ ಅಡ್ಜಸ್ಟ್ ಮಾಡಿಸಿ. ಹೈಡ್ರಾಲಿಕ್ ಆದರೆ ಫ್ಲೂಯಿಡ್ ಮಟ್ಟ ನೋಡಿ, ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್ ಸುತ್ತ ಒದ್ದೆ ಇದೆಯಾ ನೋಡಿಸಿ, ಏರ್ ತೆಗೆಸಿ. ಇದಿಷ್ಟು ಆದಮೇಲೂ ಸರಿಹೋಗದಿದ್ದರೆ ಮಾತ್ರ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ನೋಡುವ ಮಾತು.