ಮೆರೆರ್‌ನ ದಿನಚರಿಯಲ್ಲಿರುವ ಉತ್ತರ
ಗೀಜಾದ ಮಹಾಪಿರಮಿಡ್ಡನ್ನು ಕಟ್ಟಿದವರು ಗುಲಾಮರೇ, ಅಷ್ಟು ಕಲ್ಲು ಬಂದದ್ದಾದರೂ ಹೇಗೆ ಎಂದು ತಾವು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಅಂದಿನವನೊಬ್ಬನೇ ಬರೆದಿಟ್ಟ ಉತ್ತರವಿದೆ. ಕೆಂಪು ಸಮುದ್ರದ ದಡದ ವಾದಿ ಅಲ್ ಜರ್ಫ್‌ನಲ್ಲಿ 2013ರಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ, ಆ ಪಿರಮಿಡ್ಡನ್ನು ಕಟ್ಟಿಸಿದ ದೊರೆ ಖೂಫುವಿನ ಕಾಲದ ಮೆರೆರ್ ಎಂಬ ಮೇಲ್ವಿಚಾರಕನು ತನ್ನ ತಂಡವು ತೂರಾ ಗಣಿಯ ಸುಣ್ಣಗಲ್ಲನ್ನು ದೋಣಿಗೆ ಹೇರಿ, ನೈಲ್ ನದಿ ಮತ್ತು ಕಾಲುವೆಗಳ ಮೂಲಕ ಗೀಜಾಕ್ಕೆ ಸಾಗಿಸಿದ್ದನ್ನು ದಿನದಿನವೂ ದಾಖಲಿಸಿದ್ದಾನೆ. ಇಂಥದೊಂದು ಬರಹ ನಾಲ್ಕೂವರೆ ಸಾವಿರ ವರ್ಷ ಉಳಿದುಬಂದದ್ದೇ ಸೋಜಿಗ. ಆ ಬಿಳಿಗಲ್ಲು ಹೊರಮೈಯ ಹೊದಿಕೆಗೆ ಬಳಕೆಯಾಯಿತು, ಒಳಗಿನ ಬಹುಪಾಲು ಕಲ್ಲನ್ನು ಪಕ್ಕದಲ್ಲೇ ಕಡಿಯಲಾಯಿತು. ಇನ್ನು ಗುಲಾಮರ ಮಾತು: ಪಿರಮಿಡ್ಡಿನ ಸಮೀಪವೇ ಕೆಲಸಗಾರರ ಗೋರಿಗಳು, ಅವರ ವಸತಿಯಲ್ಲಿ ರೊಟ್ಟಿ ಸುಡುತ್ತಿದ್ದ ಬೇಕರಿಗಳು ಮತ್ತು ಅಪಾರ ದನದ ಮೂಳೆಗಳು ಸಿಕ್ಕಿವೆ; ಗುಲಾಮರಿಗೆ ದೊರೆಯ ಪಿರಮಿಡ್ಡಿನ ಬಳಿ ಗೋರಿಯೂ ಇಂಥ ಮಾಂಸದೂಟವೂ ದೊರೆಯುವುದು ಅಸಂಭವವಾದ್ದರಿಂದ, ಆ ಕಲ್ಪನೆಯನ್ನು ಕೈಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ.