ಉ: ನಿವೃತ್ತ ಅಪ್ಪ-ಅಮ್ಮನ ಮದುವೆಮನೆ ಓಡಾಟ, ರೈಲಿನ ಮೇಲಿನ ಬರ್ತ್ ತಾಪತ್ರಯ

ನೆಂಟರಿಷ್ಟರ ಮದುವೆಗಳಿಗೆ ಓಡಾಡುವ ನಿಮ್ಮ ತಂದೆಗೆ ರೈಲಿನಲ್ಲಿ ಮೇಲಿನ ಬರ್ತ್ ಯಾಕೆ ಬಂತು ಅಂತ ಕೇಳಿದ್ದೀರಿ. ಸ್ನೇಹಿತರೂ ಸೇರಿ ಆರು ಜನಕ್ಕೆ ಒಂದೇ ಟಿಕೆಟ್ ಮಾಡಿಸಿದ್ದಕ್ಕೇ ಹಾಗಾಗಿರೋದು. ಹಿರಿಯರ ಲೋಯರ್ ಬರ್ತ್ ಕೋಟಾ ಸಿಗೋದು ಒಬ್ಬರೇ ಅಥವಾ ಇಬ್ಬರು ಇರುವ ಟಿಕೆಟ್‌ಗೆ ಮಾತ್ರ (ಗಂಡಸರಿಗೆ 60, ಹೆಂಗಸರಿಗೆ 45 ತುಂಬಿರಬೇಕು). ಮುಂದಿನ ಸಲ ಜೋಡಿಗೊಂದರಂತೆ ಮೂರು ಟಿಕೆಟ್ ಮಾಡಿಸಿ. ಬೋಗಿ ಬೇರೆಯಾದರೂ ಹರಟೆಗೆ ಹಗಲಿದೆಯಲ್ಲ! ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, ಲಗ್ನಪತ್ರಿಕೆ ಕೈಸೇರುವವರೆಗೆ ಕಾಯಬೇಡಿ. ದಿನ ಗೊತ್ತಾದ ಕೂಡಲೇ ಮಾಡಿಸಿ.

ಹತ್ತಿರದ ಊರಿಗೆ ಬಸ್ಸೇ ವಾಸಿ. ರಾಜ್ಯದೊಳಗೆ ವೇಗದೂತದಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್, 60 ದಾಟಿದ ಅಪ್ಪನಿಗೆ ಶೇ 25 ರಿಯಾಯಿತಿ. ಗುರುತಿನ ಚೀಟಿ ಜೇಬಲ್ಲಿರಲಿ.

ಒಂದೇ ದಿನ ಎರಡು ಕರೆಯೋಲೆ ಬಂದರೆ ಹತ್ತಿರದ ನೆಂಟರಲ್ಲಿ ಮುಹೂರ್ತಕ್ಕೆ, ಇನ್ನೊಬ್ಬರಲ್ಲಿ ಹಿಂದಿನ ಸಂಜೆಯ ಆರತಕ್ಷತೆಗೆ ಹೋಗಲಿ. ಆರತಕ್ಷತೆ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತರೆ ಮೊಣಕಾಲು ಹಿಡಿಯುತ್ತೆ. ಶುರುವಾಗುವ ಹೊತ್ತಿಗೇ ತಲುಪೋದು ಮೇಲು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಪಂಕ್ತಿಗೆ ಕಾಯೋದಂತೂ ಬೇಡವೇ ಬೇಡ, ಊಟ ತಡವಾದರೆ ಸಕ್ಕರೆ ಇಳಿದು ತಲೆ ಸುತ್ತಬಹುದು. ಕಣ್ಣು, ಹಲ್ಲು, ರಕ್ತ ಪರೀಕ್ಷೆಗಳನ್ನೆಲ್ಲ ಆಷಾಢಕ್ಕೆ ಇಟ್ಟುಕೊಳ್ಳಿ.